ಹೊಳೆ ಬಂದಾಗ ಮನೆಯೂ ಊರೂ: ಪಂಚಾಯಿತಿಗೆ ಆರಿಸಿ ಬಂದವರಿಗೆ ಒಂದಿಷ್ಟು ಅನುಭವದ ಮಾತು

2019ರ ಆಗಸ್ಟ್ 5, ಸೋಮವಾರ, ನಾಗರ ಪಂಚಮಿ. ನಮ್ಮ ಕಡೆ ಪಂಚಮಿ ಅಂದರೆ ಹೆಣ್ಣುಮಕ್ಕಳ ಹಬ್ಬ. ಕೊಟ್ಟ ಹೆಣ್ಣುಮಕ್ಕಳೆಲ್ಲ ತವರಿಗೆ ಬಂದಿರುತ್ತಾರೆ, ಮನೆಮನೆಯಲ್ಲಿ ಉಂಡಿ ಕಟ್ಟಿರುತ್ತಾರೆ, ಬೇವಿನ ಮರಕ್ಕೆ ಜೋಕಾಲಿ ಬಿದ್ದಿರುತ್ತದೆ. ಆ ವರ್ಷ ನನ್ನ ಮಗಳೂ ಬಂದಿದ್ದಳು. ಚೊಚ್ಚಲ ಬಾಣಂತನ, ಒಂಬತ್ತು ತುಂಬುತ್ತಿತ್ತು. ನಮ್ಮೂರು ರೋಣ ತಾಲ್ಲೂಕಿನಲ್ಲಿ ಮಲಪ್ರಭೆಯ ದಂಡೆಗಿದೆ. 2015ರಲ್ಲಿ ಆರಿಸಿ ಬಂದ ನಾನು ಆಗ ಗ್ರಾಮ ಪಂಚಾಯಿತಿ ಅಧ್ಯಕ್ಷೆ.

ಹಬ್ಬ ಮುಗಿದು ಮೂರನೇ ದಿನ ಹೊಳೆ ಏರತೊಡಗಿತು. ಅಣೆಕಟ್ಟಿನಿಂದ ಬಿಡುವ ನೀರು ಇನ್ನೂ ಹೆಚ್ಚಾಗುತ್ತದೆ ಅಂತ ತಾಲ್ಲೂಕು ಕಚೇರಿಯಿಂದ ನನಗೆ ಫೋನ್ ಬಂದದ್ದು ಸಂಜೆ. ನಾನು ಮೊದಲು ಮಾಡಿದ್ದು ಏನು ಗೊತ್ತೇ? ನಮ್ಮ ಟ್ರ್ಯಾಕ್ಟರಿಗೆ ಗಾದಿ ಹಾಸಿ ಮಗಳನ್ನೂ ಅತ್ತೆಯನ್ನೂ ಕೂಡಿಸಿ, 2009ರ ನೆರೆಯ ನಂತರ ಎತ್ತರದಲ್ಲಿ ಕಟ್ಟಿಕೊಟ್ಟ ನವಗ್ರಾಮದ ಆಸರೆ ಮನೆಗೆ ಕಳಿಸಿದೆ. ಹೆಂಗೂ ಟ್ರ್ಯಾಕ್ಟರ್ ಹೋಗುತ್ತದಲ್ಲ ಅಂತ ನಮ್ಮವರು, ಅಂದರೆ ನನ್ನ ಗಂಡ, ಆರು ಚೀಲ ಜೋಳ, ಎರಡು ಟ್ರಂಕು, ಗ್ಯಾಸ್ ಸಿಲಿಂಡರು ಹೇರಿದರು. ನಾನು ನೋಡಿಯೂ ಬೇಡ ಅನ್ನಲಿಲ್ಲ. ಊರಲ್ಲಿ ಡಂಗುರ ಹೊಡೆಸಿದ್ದು ಅದಾಗಿ ಒಂದೂವರೆ ತಾಸಿನ ಮೇಲೆ.

ಮರುದಿನ ನವಗ್ರಾಮದ ಶಾಲೆಯಲ್ಲಿ ಒಬ್ಬ ಮುದುಕಿ ನನ್ನ ಕೈ ಹಿಡಿದು ನಿಲ್ಲಿಸಿದಳು. ಬೈಯಲಿಲ್ಲ. ಮೆಲ್ಲಗೆ, “ಯವ್ವಾ, ನಿನ್ನ ಜ್ವಾಳದ ಚೀಲಕ್ಕ ಮೊದಲ ಗೊತ್ತಾತು, ನಮಗ ಆಮ್ಯಾಲ ಗೊತ್ತಾತು” ಅಂದಳು.

ಈ ಬರಹ ಆ ಮಾತಿನಿಂದ ಹುಟ್ಟಿದ್ದು. ತುಂಬು ಬಸುರಿ ಮಗಳನ್ನು ಕಳಿಸಿದ್ದು ತಪ್ಪಲ್ಲ, ಇವತ್ತಿಗೂ ಅದನ್ನೇ ಮಾಡುತ್ತೇನೆ. ಅವಳ ಜೊತೆ ಜೋಳದ ಚೀಲ ಹೋದದ್ದು ತಪ್ಪು. ಊರಿಗೆ ಹೇಳದೆ ಹೋದದ್ದು ಅದಕ್ಕಿಂತ ದೊಡ್ಡ ತಪ್ಪು. ಆರಿಸಿ ಬಂದವರಿಗೂ ಮನೆ ಇರುತ್ತದೆ, ಮಕ್ಕಳಿರುತ್ತಾರೆ ಅನ್ನುವುದು ಜನಕ್ಕೆ ಚೆನ್ನಾಗಿ ಗೊತ್ತು. ನಾವು ಎಲ್ಲಿದ್ದೇವೆ, ಯಾವಾಗ ಬರುತ್ತೇವೆ, ಅಲ್ಲಿಯವರೆಗೆ ಯಾರನ್ನು ಕೇಳಬೇಕು, ಈ ಮೂರು ಗೊತ್ತಾಗದಿದ್ದಾಗ ಅವರಿಗೆ ಸಿಟ್ಟು ಬರುತ್ತದೆ. ಮನೆಯವರ ಸಿಟ್ಟೂ ಇದೇ ಮೂರಕ್ಕೆ. ಮುಂದೆ ಬರೆದಿರುವುದೆಲ್ಲ ಈ ಮೂರನ್ನು ಹೊಂದಿಸಿಕೊಳ್ಳುವ ದಾರಿ.

ಮಳೆಗಾಲಕ್ಕೆ ಮೊದಲು, ಮನೆಯಲ್ಲಿ ಕೂತು

ಮೇ ತಿಂಗಳಲ್ಲಿ, ಕಾರಹುಣ್ಣಿಮೆ ಬರುವುದರೊಳಗೆ, ಒಂದು ರಾತ್ರಿ ಊಟ ಮುಗಿಸಿ ಮನೆಮಂದಿ ಎಲ್ಲ ಕೂಡಿ. ಟಿ.ವಿ. ಬಂದ್ ಮಾಡಿ. ಒಂದು ಹಾಳೆ ತಗೊಂಡು, ಹೊಳೆ ಬಂದರೆ ತಾವಾಗಿ ನಡೆದು ಹೋಗಲಾರದವರು ನಮ್ಮ ಮನೆಯಲ್ಲಿ ಯಾರು ಅಂತ ಬರೆಯಿರಿ. ನಮ್ಮ ಮನೆಯಲ್ಲಿ ಅತ್ತೆ ಒಬ್ಬರು, ದಮ್ಮಿನ ತ್ರಾಸು. ಆ ವರ್ಷಕ್ಕೆ ಮಗಳು. ಪ್ರತಿ ಹೆಸರಿನ ಮುಂದೆ ಅವರನ್ನು ಕರೆದುಕೊಂಡು ಹೋಗುವವರು ಯಾರು, ಯಾವ ಗಾಡಿಯಲ್ಲಿ, ಯಾರ ಮನೆಗೆ ಅಂತ ಬರೆಯಿರಿ. ಆ “ಯಾರು” ಅನ್ನುವ ಜಾಗದಲ್ಲಿ ನಿಮ್ಮ ಹೆಸರು ಬರಬಾರದು. ಅಧ್ಯಕ್ಷೆ, ಉಪಾಧ್ಯಕ್ಷೆ, ಸದಸ್ಯೆ ಆಗಿರುವಷ್ಟು ವರ್ಷದ ಮಳೆಗಾಲದಲ್ಲಿ ನಿಮ್ಮನ್ನು ಲೆಕ್ಕದಿಂದ ತೆಗೆದೇ ಮನೆಯವರು ಯೋಜನೆ ಹಾಕಬೇಕು. ನೀವು ಸಿಕ್ಕರೆ ಒಳ್ಳೆಯದು, ಸಿಗದಿದ್ದರೂ ಕೆಲಸ ನಡೆಯಬೇಕು. ಇದನ್ನು ಕೇಳಿದಾಗ ನನ್ನ ಮಗಳಿಗೆ ಕಣ್ಣಲ್ಲಿ ನೀರು ಬಂತು, ನನಗೂ ಬಂತು. ಆದರೂ ಅವತ್ತೇ ಅಳುವುದು ಲೇಸು. ಟ್ರ್ಯಾಕ್ಟರಿನ ಮುಂದೆ ನಿಂತು ಅಳುವುದಕ್ಕೆ ಹೊತ್ತಿರುವುದಿಲ್ಲ.

ಬಾಣಂತನದ ಮಾತು ಬೇರೆಯೇ ಆಡಬೇಕು. ಹೊಳೆದಂಡೆ ಊರಿನ ತವರಾದರೆ, ಕುಬಸಕ್ಕೆ ಬೀಗರು ಬಂದಾಗಲೇ ಕೇಳಿಬಿಡಿ: ಹೆರಿಗೆ ದಿನ ಆಗಸ್ಟ್‌ನಲ್ಲಿ ಬಿದ್ದರೆ ಮಗಳನ್ನು ಎಲ್ಲಿ ಇಡೋಣ? ನಾನು ಮರ್ಯಾದೆಗೆ ಅಂಜಿ ಕೇಳಲಿಲ್ಲ. ತವರಿನ ಬಾಣಂತನ ಬಿಟ್ಟುಕೊಟ್ಟರೆ ಜನ ಏನಂದಾರು ಅನ್ನುವ ಅಂಜಿಕೆ. ಗದಗಿನಲ್ಲಿ ನನ್ನ ತಮ್ಮನ ಮನೆ ಆಸ್ಪತ್ರೆಯಿಂದ ಹತ್ತು ನಿಮಿಷದ ದಾರಿ. ಜುಲೈ ಕೊನೆಗೇ ಅವಳು ಅಲ್ಲಿಗೆ ಹೋಗಿದ್ದರೆ ಆ ಟ್ರ್ಯಾಕ್ಟರಿನ ಕತೆಯೇ ಇರುತ್ತಿರಲಿಲ್ಲ.

ಒಂದು ಕೈಚೀಲ ಗೂಟಕ್ಕೆ ತೂಗುಹಾಕಿಡಿ. ಬಿ.ಪಿ., ಸಕ್ಕರೆ, ದಮ್ಮಿನ ಗುಳಿಗೆ ಹದಿನೈದು ದಿನಕ್ಕಾಗುವಷ್ಟು, ತಾಯಿ ಕಾರ್ಡ್, ಆಧಾರ್, ರೇಷನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್ಕಿನ ಝೆರಾಕ್ಸ್ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ, ಸ್ವಲ್ಪ ರೊಕ್ಕ, ಬ್ಯಾಟರಿ, ಚಾರ್ಜರ್. ಇದು ಎಲ್ಲ ಮನೆಗೂ ಹೇಳುವ ಮಾತೇ. ಆದರೆ ಊರಿಗೆಲ್ಲ ಹೇಳಿದ ಸದಸ್ಯರ ಮನೆಯಲ್ಲೇ ಆ ಚೀಲ ಇರದಿದ್ದುದನ್ನು ನಾನು ಎರಡು ಕಡೆ ಕಂಡಿದ್ದೇನೆ.

ನೀರು ಯಾವ ಕಡೆಯಿಂದ ಬರುತ್ತದೆ ಅಂತ ತಿಳಿದಿರಿ

ಇದನ್ನು ಇಲ್ಲಿ ಯಾಕೆ ಹೇಳುತ್ತೇನೆ ಅಂದರೆ, ಮನೆಗೆ ಎರಡು ತಾಸು ಹೋಗಿಬರಬಹುದೋ ಇಲ್ಲವೋ ಅನ್ನುವುದನ್ನು ಹೊಳೆ ಹೇಳುತ್ತದೆ, ನಮ್ಮ ಮನಸ್ಸಲ್ಲ.

ಮಲಪ್ರಭೆ ಹುಟ್ಟುವುದು ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ. ಅಲ್ಲಿ ಬಿದ್ದ ಮಳೆ ನವಿಲುತೀರ್ಥದ ಅಣೆಕಟ್ಟಿಗೆ ಬರುತ್ತದೆ. ಅದರ ಪೂರ್ಣ ಮಟ್ಟ 2079.50 ಅಡಿ, ಹಿಡಿಯುವ ನೀರು 37.73 ಟಿಎಂಸಿ. ಮಟ್ಟ 2079ರ ಹತ್ತಿರ ಬಂದು ಖಾನಾಪುರದಲ್ಲಿ ಮಳೆ ನಿಲ್ಲದಿದ್ದರೆ, ಒಳಗೆ ಬಂದಷ್ಟೂ ಹೊರಗೆ ಬಿಡಬೇಕಾಗುತ್ತದೆ. ಆ ನೀರು ರಾಮದುರ್ಗ ದಾಟಿ, ನರಗುಂದ ತಾಲ್ಲೂಕಿನ ಕೊಣ್ಣೂರು ದಾಟಿ ನಮ್ಮ ಕಡೆ ಬರುವಷ್ಟರಲ್ಲಿ ನಮಗೆ ಕೆಲವು ತಾಸು ಸಿಗುತ್ತವೆ. ಮೇಲಿನ ಊರಿನ ಇಬ್ಬರು ಸದಸ್ಯರ ನಂಬರ್ ಇಟ್ಟುಕೊಳ್ಳಿ. ಕೊಣ್ಣೂರಿನ ಹತ್ತಿರ ಹೆದ್ದಾರಿಗೆ ನೀರು ಬಂತು ಅಂತ ಅಲ್ಲಿಯವರು ಫೋನ್ ಮಾಡಿದರೆ, ಸರಕಾರಿ ಸಂದೇಶಕ್ಕೆ ಕಾಯಬೇಕಿಲ್ಲ.

ಬೆಣ್ಣಿಹಳ್ಳ ಹಾಗಲ್ಲ. ಅದಕ್ಕೆ ಅಣೆಕಟ್ಟೂ ಇಲ್ಲ, ಬಾಗಿಲೂ ಇಲ್ಲ. ಶಿಗ್ಗಾವಿ ಕಡೆ ಹುಟ್ಟಿ, ಹುಬ್ಬಳ್ಳಿ, ನವಲಗುಂದದ ಎರೆಭೂಮಿಯ ನೀರೆಲ್ಲ ಹೊತ್ತುಕೊಂಡು ಮೆಣಸಗಿ ಹತ್ತಿರ ಮಲಪ್ರಭೆಗೆ ಸೇರುತ್ತದೆ. ನಮ್ಮ ಊರಲ್ಲಿ ಒಂದು ಹನಿ ಮಳೆ ಇರದೆ ರಾತ್ರೋರಾತ್ರಿ ಹಳ್ಳ ಉಕ್ಕಿದ್ದನ್ನು ದಂಡೆಯವರೆಲ್ಲ ಕಂಡಿದ್ದೀರಿ. ಹುಬ್ಬಳ್ಳಿ ಕಡೆ ದೊಡ್ಡ ಮಳೆ ಬಿದ್ದ ರಾತ್ರಿ ನೀವು ಊರು ಬಿಡಬೇಡಿ, ಮನೆಯಲ್ಲಿ ಮೊಮ್ಮಗನ ಜವಳವಿದ್ದರೂ ಬಿಡಬೇಡಿ. ಅಣೆಕಟ್ಟಿನ ನೀರಾದರೆ, ಮೇಲಿನ ಊರಿಗೆ ಫೋನ್ ಮಾಡಿ ಕೇಳಿ, ಹೊತ್ತು ಲೆಕ್ಕ ಹಾಕಿ, ಮನೆಯ ಕೆಲಸಕ್ಕೆ ಹೋಗಿಬರಬಹುದು.

ಹೊಣೆ ಯಾರ ಕೈಗೆ? ಗಂಡನ ಕೈಗೆ ಬೇಡ

ನನ್ನ ಎರಡನೇ ತಪ್ಪು ಇಲ್ಲಿದೆ, ಇದನ್ನು ಬಿಡಿಸಿ ಹೇಳುತ್ತೇನೆ.

ಆಗಸ್ಟ್ 10ರ ರಾತ್ರಿ ನವಗ್ರಾಮದಲ್ಲಿ ಮಗಳಿಗೆ ಬ್ಯಾನಿ ಶುರುವಾಯಿತು. ಅವತ್ತು ನಾನು ಶಾಲೆಯ ಕೇಂದ್ರದಲ್ಲಿದ್ದೆ. ಆಗೆಲ್ಲ ಅದಕ್ಕೆ ಗಂಜಿ ಕೇಂದ್ರ ಅನ್ನುತ್ತಿದ್ದೆವು, ಈಗ ಕಾಳಜಿ ಕೇಂದ್ರ ಅನ್ನುತ್ತಾರೆ. ಜನ ನೆಲದ ಮೇಲೆ ಚಾಪೆ ಹಾಸಿ ಮಲಗಿದ್ದರು. ಹೊರಗಿನ ಊರುಗಳಿಂದ ಚೀಲಗಟ್ಟಲೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಬರುತ್ತಿತ್ತು, ಆ ಪುಣ್ಯವನ್ನು ಇವತ್ತಿಗೂ ನೆನೆಯುತ್ತೇವೆ. 108ಕ್ಕೆ ಫೋನ್ ಮಾಡಿ, ಅದರಲ್ಲಿ ಮಗಳ ಜೊತೆ ಹತ್ತಿ ಗದಗಿಗೆ ಹೊರಟೆ. ಹೋಗುವ ಅವಸರದಲ್ಲಿ ನನ್ನ ಫೋನನ್ನು ನಮ್ಮವರ ಕೈಗೆ ಕೊಟ್ಟು, “ನೀವೇ ನೋಡಿಕೋರಿ” ಅಂದೆ. ಅಷ್ಟೇ.

ಮರುದಿನ ಸಂಜೆ ತಿರುಗಿ ಬಂದಾಗ ಕೇಂದ್ರದಲ್ಲಿ ಜಗಳ ನಡೆದು ಮುಗಿದಿತ್ತು. ಚಾದರದ ಲೋಡು ಬಂದಿದೆ, ಪಟ್ಟಿ ಇಲ್ಲ. ಮುಂದೆ ನಿಂತವರಿಗೆ ಎರಡೆರಡು, ಹಿಂದಿನ ಓಣಿಯವರಿಗೆ ಒಂದೂ ಇಲ್ಲ. ಅಧಿಕಾರಿಗಳು ಫೋನ್ ಮಾಡಿದಾಗಲೆಲ್ಲ ನಮ್ಮವರು “ಹೂಂ ಸಾಹೇಬ್ರ, ಮಾಡಸ್ತೀನಿ” ಅಂದಿದ್ದಾರೆ. ಮಾಡಿಸುವ ಅಧಿಕಾರ ಅವರಿಗೆಲ್ಲಿಯದು? ಪಿಡಿಓ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ನಮ್ಮವರ ಮಾತು ಕೇಳುವಂತಿಲ್ಲ, ಬಿಡುವಂತೆಯೂ ಇಲ್ಲ. ನಮ್ಮ ಉಪಾಧ್ಯಕ್ಷೆ, ನನಗಿಂತ ಹತ್ತು ವರ್ಷ ದೊಡ್ಡವರು, ನಾಲ್ಕನೇತ್ತೆ ಓದಿದವರು, ಊರಿನ ಪ್ರತಿ ಮನೆಯ ತಲೆ ಎಷ್ಟು ಅಂತ ಬಾಯಲ್ಲೇ ಹೇಳಬಲ್ಲವರು, ಒಂದು ಮೂಲೆಯಲ್ಲಿ ಸುಮ್ಮನೆ ಕೂತಿದ್ದರು. ನಾನು ಹೋಗಿ ಪಕ್ಕದಲ್ಲಿ ಕೂತೆ. “ತಂಗಿ, ನನಗೊಂದು ಮಾತು ಹೇಳಿ ಹೋಗಿದ್ದರ ಪಟ್ಟಿ ನಾ ಬರಸ್ತಿದ್ದೆ. ನೀ ನಿನ್ನ ಮನಿಯವರ ಕೈಯಾಗ ಕೊಟ್ಟಿ” ಅಂದರು. ಊರ ತುಂಬ ಆಗಲೇ ಸುದ್ದಿ ಹಬ್ಬಿತ್ತು, ಅಧ್ಯಕ್ಷರು ಹುಬ್ಬಳ್ಳಿಗೆ ಓಡಿ ಹೋದರು ಅಂತ. ಹುಬ್ಬಳ್ಳಿ ಕಡೆ ನಾನು ಮುಖವನ್ನೂ ಹಾಕಿರಲಿಲ್ಲ.

ನಮ್ಮವರು ಕೆಟ್ಟವರಲ್ಲ. ಎರಡು ರಾತ್ರಿ ನಿದ್ದೆಗೆಟ್ಟು ದುಡಿದರು. ಆದರೂ ಅವರನ್ನು ಊರು ಆರಿಸಿಲ್ಲ. 1993ರ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಅಧ್ಯಕ್ಷರು ಇಲ್ಲದಾಗ ಆ ಕೆಲಸ ಉಪಾಧ್ಯಕ್ಷರದು. ಪಂಚಾಯಿತಿ ಸೀಟುಗಳಲ್ಲಿ ಅರ್ಧ ಹೆಣ್ಣುಮಕ್ಕಳಿಗೆ ಅಂತ ಮೀಸಲಿಟ್ಟು ಇಷ್ಟು ವರ್ಷವಾದರೂ ನಮ್ಮಲ್ಲಿ ಎಷ್ಟೋ ಕಡೆ “ಅಧ್ಯಕ್ಷರ ಗಂಡ” ಅನ್ನುವುದೇ ಒಂದು ಹುದ್ದೆಯಾಗಿದೆ. ಶಾಂತ ದಿನಗಳಲ್ಲಿ ಅದು ಹೇಗೋ ಸಾಗುತ್ತದೆ, ಹೊಳೆ ಬಂದ ದಿನ ಅದರ ಬೆಲೆಯನ್ನು ಹಿಂದಿನ ಓಣಿಯವರು ತೆರುತ್ತಾರೆ.

ಹಾಗಾಗಿ ಹೀಗೆ ಮಾಡಿ. ಮೇ ತಿಂಗಳ ಸಾಮಾನ್ಯ ಸಭೆಯಲ್ಲಿ ಒಂದು ಠರಾವು ಬರೆಸಿ: ಅಧ್ಯಕ್ಷರು ತುರ್ತಿಗೆ ಊರು ಬಿಟ್ಟರೆ ಉಪಾಧ್ಯಕ್ಷರು, ಅವರೂ ಇಲ್ಲದಿದ್ದರೆ ಇಂಥ ಸದಸ್ಯರು ನೆರೆ ಕೆಲಸ ನೋಡುತ್ತಾರೆ. ಸದಸ್ಯರಿಗೆ ಜೋಡಿ ಮಾಡಿ. ನಮ್ಮಲ್ಲಿ ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯರು ಬರುತ್ತಾರೆ, ಒಂದೇ ವಾರ್ಡಿಗೆ ಇಬ್ಬರು ಮೂವರು ಇರುವುದೂ ಉಂಟು. ಒಬ್ಬರ ಮನೆಯಲ್ಲಿ ಹೆಚ್ಚುಕಮ್ಮಿಯಾದರೆ ಜೋಡಿಯವರು ಆ ಓಣಿ ನೋಡಬೇಕು. ಜೋಡಿ ಮಾಡುವಾಗ ಒಂದೇ ಬಣದವರನ್ನು ಕೂಡಿಸಬೇಡಿ, ಆಗದವರನ್ನೇ ಕೂಡಿಸಿ. ಚುನಾವಣೆಯಲ್ಲಿ ಮಾತು ಬಿಟ್ಟವರು ಹೊಳೆಯ ಹೊತ್ತಿಗೆ ಒಂದೇ ಕಸದ ಗಾಡಿಯಲ್ಲಿ ನಿಂತು ಮೈಕ್ ಹಿಡಿದದ್ದನ್ನು ನಾನು ನೋಡಿದ್ದೇನೆ.

ಹಣದ ವಿಷಯದಲ್ಲಿ ಗಟ್ಟಿಯಾಗಿರಿ. ಪಂಚಾಯಿತಿ ಪಾವತಿಗೆ ಅಧ್ಯಕ್ಷರದೂ ಪಿಡಿಓ ಅವರದೂ ಇಬ್ಬರ ಸಹಿ ಬೇಕು. “ಅಕ್ಕಾರ, ಆಸ್ಪತ್ರೆಗೆ ಹೊಂಟೀರಿ, ನಾಲ್ಕು ಖಾಲಿ ಚೆಕ್ಕಿಗೆ ಸಹಿ ಮಾಡಿ ಹೋಗ್ರಿ” ಅಂತ ಯಾರಾದರೂ ಕೇಳುತ್ತಾರೆ. ಮಾಡಬೇಡಿ. ಡಿಜಿಟಲ್ ಸಹಿಯ ಡಾಂಗಲ್ ಇದ್ದರೆ ಅದನ್ನು ಬೇರೆಯವರ ಜೇಬಿಗೆ ಹಾಕಬೇಡಿ, ಗಂಡನ ಜೇಬಿಗೂ ಬೇಡ, ಮಗನ ಜೇಬಿಗೂ ಬೇಡ. ನೀವು ಬರುವವರೆಗೆ ಬಿಲ್ಲು ಕಾಯುತ್ತದೆ. ಟ್ಯಾಂಕರು, ಊಟ, ಔಷಧ ಕಾಯುವುದಿಲ್ಲ, ಅವನ್ನು ತಹಶೀಲ್ದಾರರು ಮತ್ತು ನೋಡಲ್ ಅಧಿಕಾರಿ ಕೊಡಿಸಬಲ್ಲರು.

ಯಾವುದಕ್ಕೆ ಹೋಗಬೇಕು, ಯಾವುದಕ್ಕೆ ಬೇಡ

ನನ್ನ ಲೆಕ್ಕ ಹೀಗಿದೆ, ನಿಮ್ಮದು ಬೇರೆ ಇರಬಹುದು. ಹೆರಿಗೆ, ಸಾವು, ಉಸಿರಾಟ ಅಥವಾ ಎದೆನೋವಿನಂಥದ್ದು, ಚಿಕ್ಕ ಮಗುವಿನ ಜೀವಕ್ಕೆ ಬಂದದ್ದು: ಇವಕ್ಕೆ ಹೋಗಿ. ಯಾರನ್ನೂ ಒಪ್ಪಿಗೆ ಕೇಳಬೇಡಿ, ತಿಳಿಸಿ ಹೋಗಿ. ಮದುವೆ, ಕುಬಸ, ಜವಳ, ಗುಗ್ಗಳ, ಮನೆ ದೇವರ ಜಾತ್ರೆ: ಹೋಗಬೇಡಿ. ಖಾಸಾ ಅಣ್ಣನ ಮಗಳ ಮದುವೆಯಾದರೆ ಅಕ್ಕಿಕಾಳು ಹಾಕಿ, ಊಟಕ್ಕೆ ನಿಲ್ಲದೆ ಬನ್ನಿ. ಆ ಮದುವೆಯ ಫೋಟೋ ಯಾರೂ ಸ್ಟೇಟಸ್‌ಗೆ ಹಾಕದಂತೆ ಮೊದಲೇ ಹೇಳಿಡಿ. ಮುಚ್ಚಿಡಲಿಕ್ಕೆ ಹೇಳುತ್ತಿಲ್ಲ, ಹೋಗುತ್ತೇನೆ ಅಂತ ಊರಿಗೆ ಹೇಳಿಯೇ ಹೋಗಬೇಕು. ಆದರೆ ಮನೆ ಕಳೆದುಕೊಂಡು ಚಾಪೆಯ ಮೇಲೆ ಕೂತವರ ಫೋನಿನಲ್ಲಿ ನಮ್ಮ ರೇಷ್ಮೆ ಸೀರೆ ಕಾಣಬಾರದು.

ನಡುವಿನವು ತ್ರಾಸು ಕೊಡುತ್ತವೆ. ಮಗನ ಪರೀಕ್ಷೆ, ಗಂಡನ ಜ್ವರ, ಅವ್ವನಿಗೆ ಕಣ್ಣಿನ ಆಪರೇಷನ್. ಇವನ್ನು ಮುಂದೂಡಬಹುದೇ, ಇನ್ನೊಬ್ಬರು ಮಾಡಬಹುದೇ ಅಂತ ಎರಡೇ ಪ್ರಶ್ನೆ ಕೇಳಿಕೊಳ್ಳಿ. ಎರಡಕ್ಕೂ ಇಲ್ಲ ಅಂತ ಬಂದರೆ ಹೋಗಿ.

ದೊಡ್ಡ ದೊಡ್ಡವರೂ ಇದರಲ್ಲಿ ಎಡವಿದ್ದಾರೆ. 2019ರ ಡಿಸೆಂಬರ್‌ನಲ್ಲಿ ಆಸ್ಟ್ರೇಲಿಯಾದ ಕಾಡು ಹೊತ್ತಿ ಉರಿಯುವಾಗ ಅಲ್ಲಿನ ಪ್ರಧಾನಿ ಸ್ಕಾಟ್ ಮಾರಿಸನ್ ಕುಟುಂಬದ ಜೊತೆ ಹವಾಯಿಗೆ ರಜೆಗೆ ಹೋಗಿದ್ದರು. ಅರ್ಧಕ್ಕೆ ತಿರುಗಿ ಬಂದು ಕ್ಷಮೆ ಕೇಳಬೇಕಾಯಿತು. 2021ರ ಫೆಬ್ರವರಿಯಲ್ಲಿ ಅಮೆರಿಕದ ಟೆಕ್ಸಾಸ್ ಚಳಿಗೆ ಕರೆಂಟು, ನೀರು ಇಲ್ಲದೆ ಒದ್ದಾಡುವಾಗ ಅಲ್ಲಿನ ಸೆನೆಟರ್ ಟೆಡ್ ಕ್ರೂಜ್ ಮಕ್ಕಳನ್ನು ಕರೆದುಕೊಂಡು ಮೆಕ್ಸಿಕೋದ ಕ್ಯಾನ್‌ಕೂನ್‌ಗೆ ಹೋದರು, ಮರುದಿನವೇ ಹಿಂದಿರುಗಿದರು. ಅದೇ ನ್ಯೂಜಿಲೆಂಡಿನ ಪ್ರಧಾನಿ ಜೆಸಿಂಡಾ ಆರ್ಡರ್ನ್ 2018ರ ಜೂನ್‌ನಲ್ಲಿ ಹೆತ್ತು ಆರು ವಾರ ರಜೆ ತೆಗೆದುಕೊಂಡಾಗ ಉಪಪ್ರಧಾನಿ ವಿನ್‌ಸ್ಟನ್ ಪೀಟರ್ಸ್ ಹಂಗಾಮಿ ಪ್ರಧಾನಿಯಾದರು. ಯಾರು ನೋಡಿಕೊಳ್ಳುತ್ತಾರೆ, ಎಷ್ಟು ದಿನ ಅನ್ನುವುದು ಮಗು ಹುಟ್ಟುವ ಎಷ್ಟೋ ಮೊದಲೇ ಇಡೀ ದೇಶಕ್ಕೆ ಗೊತ್ತಿತ್ತು. ಅಲ್ಲಿ ತುರ್ತು ಇರಲಿಲ್ಲ, ನಿಜ. ಆದರೂ ಹೆರಿಗೆ ಅನ್ನುವುದು ಹೇಳಿ ಹೋಗಬಹುದಾದ ಕೆಲಸ ಅಂತ ನನಗೆ ಧೈರ್ಯ ಬಂದದ್ದು ಆ ಸುದ್ದಿ ನೆನಪಾದಾಗ, ಆದರೆ ತಡವಾಗಿ.

ಇನ್ನೊಂದು ಕತೆ ನಮ್ಮ ಸಭೆಗಳಲ್ಲಿ ಬಹಳ ಸಲ ಕೇಳಿದ್ದೇನೆ. ಸರ್ದಾರ್ ಪಟೇಲರು 1909ರಲ್ಲಿ ಕೋರ್ಟಿನಲ್ಲಿ ವಾದಿಸುವಾಗ ಹೆಂಡತಿ ತೀರಿಕೊಂಡ ತಾರು ಬಂತು, ಓದಿ ಜೇಬಿಗೆ ಹಾಕಿಕೊಂಡು ವಾದ ಮುಗಿಸಿದರು ಅನ್ನುವ ಕತೆ. ಅವರ ಬಗ್ಗೆ ನನಗೆ ಗೌರವವಿದೆ. ಆದರೆ ಅದನ್ನು ಹೊಸ ಸದಸ್ಯೆಯ ಮುಂದೆ ಅಳತೆಗೋಲಾಗಿ ಹಿಡಿಯುವುದು ನನಗೆ ಒಪ್ಪಿಗೆಯಿಲ್ಲ. ವಾದದ ನಡುವೆ ವಕೀಲರ ಜಾಗಕ್ಕೆ ಇನ್ನೊಬ್ಬರು ಬಂದು ನಿಲ್ಲುವುದು ಸುಲಭವಲ್ಲ. ನಿಮ್ಮ ಪಂಚಾಯಿತಿಯಲ್ಲಿ ಉಪಾಧ್ಯಕ್ಷರಿದ್ದಾರೆ, ಜೋಡಿ ಸದಸ್ಯರಿದ್ದಾರೆ, ಪಿಡಿಓ ಇದ್ದಾರೆ. ಮನೆಯ ದುಃಖವನ್ನು ಜೇಬಿಗೆ ಹಾಕಿಕೊಂಡು ನಿಂತವರು ಪಟ್ಟಿಯಲ್ಲಿ ಹೆಸರು ಬಿಡುತ್ತಾರೆ, ಲೆಕ್ಕ ತಪ್ಪುತ್ತಾರೆ, ಬಾಗಿಲಿಗೆ ಬಂದ ಮುದುಕರಿಗೆ ಸಿಡುಕುತ್ತಾರೆ.

ಹೇಳಿ ಹೋಗುವ ಬಗೆ

ಅದೇ ವರ್ಷ ಅಕ್ಟೋಬರ್‌ನಲ್ಲಿ ಮತ್ತೆ ಹೊಳೆ ಬಂತು. ಆಗಸ್ಟ್‌ನ ಕೆಸರು ಗೋಡೆಯಿಂದ ಇನ್ನೂ ಹೋಗಿರಲಿಲ್ಲ. ಎರಡನೇ ದಿನ ಮಧ್ಯಾಹ್ನ ಅತ್ತೆಗೆ ದಮ್ಮು ಏರಿತು, ತುಟಿ ನೀಲಿಗಟ್ಟತೊಡಗಿತು. ಈ ಸಲ ನಾನು ಐದು ನಿಮಿಷ ತಗೊಂಡೆ. ಉಪಾಧ್ಯಕ್ಷೆಯನ್ನು ಕರೆದು ಪಟ್ಟಿಯ ವಹಿ, ಅಡುಗೆ ಕೋಣೆಯ ಕೀಲಿ, ಅಧಿಕಾರಿಗಳ ನಂಬರ್ ಬರೆದ ಹಾಳೆ ಕೈಗಿಟ್ಟೆ. ಪಿಡಿಓಗೂ ತಹಶೀಲ್ದಾರ ಕಚೇರಿಗೂ ಒಂದೇ ಸಂದೇಶ ಕಳಿಸಿದೆ. ಆಮೇಲೆ ಟಂಟಂಗೆ ಕಟ್ಟಿದ್ದ ಬ್ಯಾಟರಿ ಮೈಕಿನಲ್ಲಿ ನಾನೇ ಹೇಳಿದೆ:

“ನಮ್ಮ ಅತ್ತಿಗೆ ದಮ್ಮು ಹೆಚ್ಚಾಗೇದ. ರೋಣದ ದವಾಖಾನಿಗೆ ಕರಕೊಂಡು ಹೊಂಟೀನಿ. ಸಂಜಿ ಏಳಕ್ಕ ಬರ್ತೀನಿ, ತಡಾ ಆದ್ರ ಫೋನ್ ಮಾಡ್ತೀನಿ. ಅಲ್ಲೀತನಕ ಉಪಾಧ್ಯಕ್ಷರು ಇಲ್ಲೇ ಬಾಗಲದಾಗ ಕುಂತಿರ್ತಾರ. ಏನ ಇದ್ರೂ ಅವರಿಗೇ ಹೇಳ್ರಿ.”

ಇಷ್ಟೇ. ಯಾಕೆ ಹೋಗುತ್ತಿದ್ದೇನೆ, ಎಲ್ಲಿಗೆ, ಎಷ್ಟು ಹೊತ್ತಿಗೆ ಬರುತ್ತೇನೆ, ಯಾರು ಇರುತ್ತಾರೆ. “ವೈಯಕ್ತಿಕ ಕಾರಣ” ಅನ್ನಬೇಡಿ. ಆ ಎರಡು ಪದದ ಒಳಗೆ ಊರಿನ ಬಾಯಿ ಏನು ಬೇಕಾದರೂ ತುಂಬುತ್ತದೆ. ಹೆಣ್ಣುಮಕ್ಕಳ ಕಾಯಿಲೆಯಂಥ ಮುಚ್ಚಿಡಬೇಕಾದ ವಿಷಯವಿದ್ದರೆ “ಮನೆಯಲ್ಲಿ ಒಬ್ಬರಿಗೆ ಆರಾಮಿಲ್ಲ, ದವಾಖಾನೆಗೆ” ಅಂದರೆ ಸಾಕು. ಸಮಯ ಹೇಳುವಾಗ ಒಂದು ತಾಸು ಹೆಚ್ಚೇ ಹೇಳಿ. ಏಳಕ್ಕೆ ಅಂತ ಹೇಳಿ ಆರೂವರೆಗೆ ಬಂದರೆ ಜನಕ್ಕೆ ಸಮಾಧಾನ, ಏಳೂಕಾಲಾದರೆ ಮತ್ತೆ ಹುಬ್ಬಳ್ಳಿಯ ಸುದ್ದಿ ಹುಟ್ಟುತ್ತದೆ.

ವಾಟ್ಸ್‌ಆ್ಯಪ್ ಗುಂಪನ್ನೊಂದೇ ನಂಬಬೇಡಿ. ಕರೆಂಟು ಹೋಗಿರುತ್ತದೆ, ಅರ್ಧ ಊರಿನ ಫೋನು ಸತ್ತಿರುತ್ತದೆ. ನಿಮ್ಮ ಫೋನನ್ನು ಮಾತ್ರ ನೀವೇ ಇಟ್ಟುಕೊಳ್ಳಿ, ಗಂಡನ ಕೈಗೆ ಕೊಟ್ಟು ಹೋಗಬೇಡಿ. ಚಾರ್ಜಿಗೆ ಒಂದು ಪವರ್‌ಬ್ಯಾಂಕ್ ಇರಲಿ. ಬಾಗಿಲಿಗೆ ಅಂಟಿಸುವ ಹಾಳೆಯಲ್ಲಿ ಉಪಾಧ್ಯಕ್ಷರ ಹೆಸರು, ನಂಬರ್, ಅದರ ಕೆಳಗೆ 112, 108, ಜಿಲ್ಲಾ ತುರ್ತು ಕೇಂದ್ರದ 1077, ಕರೆಂಟಿನ ಕಂಪನಿ ಹೆಸ್ಕಾಂನ 1912 ದಪ್ಪ ಅಕ್ಷರದಲ್ಲಿ ಬರೆದಿರಲಿ. ಓದು ಬಾರದವರಿಗೆ ವಾಲಿಕಾರನಿಂದ ಒಮ್ಮೆ ಬಾಯಲ್ಲಿ ಹೇಳಿಸಿ.

ಆರೂ ನಲವತ್ತಕ್ಕೆ ನಾನು ತಿರುಗಿ ಬಂದೆ. ಕೇಂದ್ರದ ಬಾಗಿಲಲ್ಲಿ ಉಪಾಧ್ಯಕ್ಷೆ ಕುರ್ಚಿ ಹಾಕಿಕೊಂಡು ಕೂತಿದ್ದರು, ತೊಡೆಯ ಮೇಲೆ ವಹಿ. ಪಕ್ಕದಲ್ಲಿ ಒಬ್ಬ ಕಾಲೇಜು ಹುಡುಗಿ, ಇವರು ಹೇಳಿದಂತೆ ಬರೆಯುತ್ತಿದ್ದಳು. ಜೋಳದ ಚೀಲದ ಮಾತು ಆಡಿದ್ದ ಅದೇ ಮುದುಕಿ ಎದುರಿಗೆ ಬಂದು ಮೊದಲು ಕೇಳಿದ್ದು, “ಅತ್ತಿ ಹ್ಯಾಂಗದಾರವಾ ಈಗ?”

ನಿಮ್ಮ ಮನೆಯೂ ನೆರೆಗೆ ಸಿಕ್ಕಿದಾಗ

ಇದು ಯಾರೂ ಹೇಳಿಕೊಡದ ಭಾಗ. ನಮ್ಮ ಮನೆಯ ಹಿತ್ತಲ ಗೋಡೆ ಆಗಸ್ಟ್‌ನಲ್ಲೇ ಕುಸಿದಿತ್ತು. ಆ ಸಲ ಸರಕಾರ ನೀರು ಹೊಕ್ಕ ಮನೆಗೆ ತುರ್ತಿಗೆ 10,000 ರೂಪಾಯಿ, ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಘೋಷಿಸಿತ್ತು. ಸಮೀಕ್ಷೆಗೆ ಬಂದವರು ಎಷ್ಟು ಹಾನಿಯಾಗಿದೆ ಅಂತ ನೋಡಿ ಮನೆಯನ್ನು ಎ, ಬಿ, ಸಿ ಅಂತ ಬರೆದುಕೊಳ್ಳುತ್ತಿದ್ದರು. ನಮ್ಮವರು, “ನಮ್ಮದು ಬ್ಯಾಡ, ಜನಾ ಮಾತಾಡ್ತಾರ” ಅಂದರು. ನಾನು ಒಪ್ಪಲಿಲ್ಲ. ಹಕ್ಕಿನದನ್ನು ಬಿಟ್ಟುಕೊಟ್ಟರೆ ಆ ಸಾಲ ಮಕ್ಕಳ ತಲೆಗೆ ಬರುತ್ತದೆ. ಅವರೇನು ಚುನಾವಣೆಗೆ ನಿಂತಿದ್ದರೇ?

ಅದಕ್ಕೆ ಹೀಗೆ ನಡೆದುಕೊಂಡೆವು. ನಮ್ಮ ಓಣಿಯ ಎಲ್ಲ ಮನೆ ಮುಗಿದ ಮೇಲೆ ನಮ್ಮದನ್ನು ನೋಡಿಸಿದೆವು. ಎಂಜಿನಿಯರು ಫೋಟೋ ತೆಗೆಯುವಾಗ ನಾನು ಅಲ್ಲಿರಲಿಲ್ಲ, ಆಗದ ಬಣದ ಸದಸ್ಯರನ್ನೇ ಸಾಕ್ಷಿಗೆ ನಿಲ್ಲಿಸಿದ್ದೆ. ಪಟ್ಟಿ ಸಭೆಗೆ ಬಂದಾಗ ನಮ್ಮ ಮನೆಯ, ಮೈದುನನ ಮನೆಯ ಹೆಸರು ಬರುವ ಹೊತ್ತಿಗೆ ಎದ್ದು ಹೊರಗೆ ಹೋದೆ, ಅದನ್ನು ನಡಾವಳಿಯಲ್ಲಿ ಬರೆಸಿದೆ. ಆ ಪಟ್ಟಿಯ ಬಗ್ಗೆ ಊರಲ್ಲಿ ನೂರು ತಕರಾರು ಬಂದವು, ನಮ್ಮ ಮನೆಯ ಬಗ್ಗೆ ಒಂದೂ ಬರಲಿಲ್ಲ.

ಕೇಂದ್ರದಲ್ಲಿ ನಿಮ್ಮ ಮನೆಯವರಿದ್ದರೆ ಅವರೂ ಪಾಳಿಯಲ್ಲೇ ಊಟ ಮಾಡಲಿ, ಅದೇ ಚಾಪೆಯ ಮೇಲೆ ಮಲಗಲಿ. ಬೇರೆ ಕೋಣೆ, ಬೇರೆ ಕಾಟು ಬೇಡ. ಹುಷಾರಿಲ್ಲದ ಮುದುಕರಿದ್ದರೆ, ಊರಿನ ಅಂಥ ಎಲ್ಲ ಮುದುಕರಿಗೂ ಒಂದು ಕೋಣೆ ಬಿಡಿಸಿ, ಅದರಲ್ಲಿ ನಿಮ್ಮವರೂ ಇರಲಿ.

ದಿನಕ್ಕೆ ಎರಡು ಸಲ ಮನೆಗೆ ಫೋನ್ ಮಾಡಿ, ಮುಂಜಾನೆ ಒಮ್ಮೆ, ಮಲಗುವ ಮುಂಚೆ ಒಮ್ಮೆ. ಹೊತ್ತು ಗೊತ್ತುಮಾಡಿ ಅದೇ ಹೊತ್ತಿಗೆ ಮಾಡಿ. ಮೂರು ನಿಮಿಷ ಸಾಕು, ಆದರೆ ಆ ಮೂರು ನಿಮಿಷದಲ್ಲಿ ನೀರಿನ ಸುದ್ದಿ, ತಹಶೀಲ್ದಾರರ ಸುದ್ದಿ ಹೇಳಬೇಡಿ. ಅವರು ಏನು ಉಂಡರು, ಮಗು ನಿದ್ದೆ ಮಾಡಿತೇ, ಗುಳಿಗೆ ತಗೊಂಡರೇ ಅಂತ ಕೇಳಿ. ನಿಮ್ಮ ಬಿ.ಪಿ. ಗುಳಿಗೆಯನ್ನೂ ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡಿರಿ. ಆ ವಾರ ನನ್ನದು ನಾಲ್ಕು ದಿನ ತಪ್ಪಿತ್ತು, ಐದನೇ ದಿನ ಶಾಲೆಯ ಮೆಟ್ಟಿಲ ಮೇಲೆ ಕಣ್ಣು ಕತ್ತಲೆ ಬಂದು ಕೂತುಬಿಟ್ಟೆ. ಆಗ ಇಬ್ಬರು ಆಶಾ ಕಾರ್ಯಕರ್ತೆಯರು ಬೇರೆ ಕೆಲಸ ಬಿಟ್ಟು ನನ್ನನ್ನು ನೋಡಬೇಕಾಯಿತು.

ನೀರು ಇಳಿದ ಮೇಲೆ ಮನೆಗೆ ಕೊಡಬೇಕಾದ್ದು ಉಳಿದಿರುತ್ತದೆ. ಮಗಳ ಕೂಸಿಗೆ ಹದಿಮೂರನೇ ದಿನ ತೊಟ್ಟಿಲು ಹಾಕಬೇಕಿತ್ತು, ಊರಲ್ಲಿ ಕೆಸರು ತೆಗೆಯುವುದೇ ಮುಗಿದಿರಲಿಲ್ಲ. ದಿನ ಮುಂದೆ ಹಾಕಿ ಅಂತ ನಾನೇ ಬೀಗರ ಮನೆಗೆ ಹೋಗಿ ಕೇಳಿಕೊಂಡೆ, ಫೋನಿನಲ್ಲಿ ಕೇಳಲಿಲ್ಲ. ಸೆಪ್ಟೆಂಬರ್‌ನಲ್ಲಿ ಗದಗಿನ ತಮ್ಮನ ಮನೆಯಲ್ಲಿ ತೊಟ್ಟಿಲಾಯಿತು. ಅವತ್ತು ಇಡೀ ದಿನ ನನ್ನ ಫೋನು ಉಪಾಧ್ಯಕ್ಷೆಯ ನಂಬರಿಗೆ ತಿರುಗಿಸಿದ್ದೆ.

ಕೂಸು ಹುಟ್ಟಿದ್ದು ಆಗಸ್ಟ್ 11ಕ್ಕೆ. ಈಗ ಸಾಲಿಗೆ ಹೋಗುತ್ತಾಳೆ. ನಾನು ಪಂಚಾಯಿತಿಯಿಂದ ಇಳಿದು ವರ್ಷಗಳಾದವು. ಆದರೂ ಅವಳ ಹುಟ್ಟುಹಬ್ಬಕ್ಕೆ ಬರಲು ಬಸ್ಸು ಹತ್ತುವ ಮೊದಲು ಮಗಳು ಪ್ರತಿ ಸಲ ಫೋನ್ ಮಾಡುತ್ತಾಳೆ: “ಅವ್ವಾ, ನವಿಲುತೀರ್ಥ ಎಷ್ಟಾಗೇದ ಕೇಳಿಯೇನ?” ಕೇಳಿ ಹೇಳುತ್ತೇನೆ, ಆಮೇಲೆ ಹೋಳಿಗೆಗೆ ಕಡಲೆಬೇಳೆ ಬೇಯಲಿಕ್ಕೆ ಇಡುತ್ತೇನೆ.